ಅಮೇರಿಕೆಯ ಸಮಾಜ ಸುಧಾರಣೆ ಮತ್ತು ನಮ್ಮ ಕೊಲ್ಹಾಪುರ ಸೀಮೆ



ಇಂದಿನ ವಿಷಯ ಹತ್ತೊಂಬತ್ತನೆಯ ಶತಮಾನದ ಅಮೇರಿಕೆಯ ಸಮಾಜ ಸುಧಾರಣೆಯ ಚಳವಳಿಗಳು. ಹೆಸರು ಕೇಳಿದ ಕೂಡಲೆ ನಿಮ್ಮಲ್ಲಿ ಕೆಲವರು, "ಅಮೇರಿಕೆ ಎಲ್ಲಿ, ನಮ್ಮ ಗಡಹಿಂಗ್ಲಜ ಎಲ್ಲಿ?" ಎಂದು ನಕ್ಕಿರಬಹುದು. ನಾನು ಪಂಡಿತನಲ್ಲ. ಮೆಟ್ರಿಕ್‌ವರೆಗೆ ಓದಿ, ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದವನು. ಆದರೆ ಬ್ಯಾಂಕಿನ ಕೆಲಸ ಒಂದು ಪಾಠ ಕಲಿಸುತ್ತದೆ. ಒಂದು ಖಾತೆಯಲ್ಲಿ ಖರ್ಚು ಬಿದ್ದ ಮೊತ್ತ ಇನ್ನೊಂದು ಖಾತೆಯಲ್ಲಿ ಜಮಾ ಆಗಿಯೇ ಇರಬೇಕು, ಹುಡುಕಬೇಕು, ಅಷ್ಟೆ. ಅಮೇರಿಕೆಯ ಕೆಲವು ಜನ ತಮ್ಮ ಆಯುಷ್ಯವನ್ನು ಖರ್ಚು ಮಾಡಿದ್ದು ನಮ್ಮ ಕೊಲ್ಹಾಪುರ ಸೀಮೆಯಲ್ಲಿ ಎಲ್ಲಿ ಜಮಾ ಆಯಿತು, ಇನ್ನೂ ಎಷ್ಟು ಬಾಕಿ ಉಳಿದಿದೆ ಎಂಬುದನ್ನು ನಿಮ್ಮೊಡನೆ ಕೂಡಿ ನೋಡಬೇಕೆಂದಿದ್ದೇನೆ.

ಮೊದಲು ಅಲ್ಲಿಯ ಸ್ಥಿತಿ ಏನಿತ್ತು ನೋಡೋಣ. 1776ರಲ್ಲಿ ಅಮೇರಿಕೆಯವರು ಸ್ವಾತಂತ್ರ್ಯ ಘೋಷಿಸಿದಾಗ ಎಲ್ಲ ಮನುಷ್ಯರೂ ಸಮಾನರು ಎಂದು ಬರೆದುಕೊಂಡರು. ಆದರೆ ಅದೇ ದೇಶದ 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ ಇತ್ತು. ಆಫ್ರಿಕಾ ಮೂಲದ ಈ ಜನರನ್ನು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ತಾಯಿಯನ್ನು ಒಬ್ಬ ಒಯ್ದರೆ ಮಗುವನ್ನು ಇನ್ನೊಬ್ಬ ಒಯ್ಯುತ್ತಿದ್ದ. ಹೆಂಗಸರಿಗೆ, ಅವರು ಬಿಳಿಯರೇ ಆಗಿದ್ದರೂ, ಮತ ಹಾಕುವ ಹಕ್ಕಿರಲಿಲ್ಲ.

ಇದರ ವಿರುದ್ಧ ಎದ್ದವರು ಯಾರು? ಹೆಚ್ಚಿನವರು ಸಾಮಾನ್ಯ ಜನ. ವಿಲಿಯಂ ಲಾಯ್ಡ್ ಗ್ಯಾರಿಸನ್ ಎಂಬ ಮುದ್ರಣಕಾರ 1831ರ ಜನವರಿ 1ರಂದು ಬಾಸ್ಟನ್ ನಗರದಲ್ಲಿ 'ಲಿಬರೇಟರ್' ಎಂಬ ವಾರಪತ್ರಿಕೆ ಹೊರಡಿಸಿದ. ಗುಲಾಮಗಿರಿ ಕಾನೂನಿನಿಂದ ಹೋಗುವವರೆಗೆ, ಅಂದರೆ 1865ರ ಕೊನೆಯವರೆಗೆ, ಅದನ್ನು ನಿಲ್ಲಿಸಲಿಲ್ಲ. 1833ರಲ್ಲಿ ಫಿಲಾಡೆಲ್ಫಿಯಾದಲ್ಲಿ ಗುಲಾಮಗಿರಿ ವಿರೋಧಿ ಸಂಘ ಸ್ಥಾಪನೆಯಾಯಿತು. ಫ್ರೆಡರಿಕ್ ಡಗ್ಲಸ್ ಎಂಬಾತ ಹುಟ್ಟು ಗುಲಾಮ. ಕದ್ದುಮುಚ್ಚಿ ಅಕ್ಷರ ಕಲಿತು, 1838ರಲ್ಲಿ ತಪ್ಪಿಸಿಕೊಂಡು ಬಂದು, 1845ರಲ್ಲಿ ತನ್ನ ಬದುಕಿನ ಕಥೆಯನ್ನು ತಾನೇ ಬರೆದು ಪ್ರಕಟಿಸಿದ. ಗುಲಾಮನಿಗೆ ಬುದ್ಧಿಯೇ ಇಲ್ಲ ಎನ್ನುತ್ತಿದ್ದವರಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇಕಿರಲಿಲ್ಲ.

1848ರ ಜುಲೈ ತಿಂಗಳಲ್ಲಿ ಸೆನೆಕಾ ಫಾಲ್ಸ್ ಎಂಬ ಚಿಕ್ಕ ಊರಿನಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ಸಭೆ ನಡೆಯಿತು. ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಲುಕ್ರೀಷಿಯಾ ಮಾಟ್ ಮುಂತಾದವರು ಕರೆದ ಆ ಸಭೆಯ ಘೋಷಣೆಗೆ ಸಹಿ ಹಾಕಿದವರು 68 ಹೆಂಗಸರು, 32 ಗಂಡಸರು. ಡಗ್ಲಸ್ ಕೂಡ ಅಲ್ಲಿದ್ದ. ಅದೇ 1848ರಲ್ಲಿ ನಮ್ಮ ಪುಣೆಯ ಭಿಡೆವಾಡೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆ ತೆರೆದರು. ಅಲ್ಲಿಯವರಿಗೆ ಇಲ್ಲಿಯ ಸುದ್ದಿ ಇಲ್ಲ, ಇಲ್ಲಿಯವರಿಗೆ ಅಲ್ಲಿಯ ಸುದ್ದಿ ಇಲ್ಲ. ಆದರೂ ಒಂದೇ ವರ್ಷ ಎರಡು ಕಡೆ ಬೀಜ ಬಿತ್ತು.

ಇವಲ್ಲದೆ ಮಕ್ಕಳೆಲ್ಲರಿಗೂ ಸರಕಾರಿ ಶಾಲೆ ಬೇಕೆಂದು ಹೊರೇಸ್ ಮ್ಯಾನ್ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ದುಡಿದ. ಆ ಪ್ರಾಂತವು 1852ರಲ್ಲಿ ಮಕ್ಕಳ ಶಾಲೆಯನ್ನು ಕಡ್ಡಾಯ ಮಾಡಿತು. ಮನೆ ಹಾಳುಮಾಡುವ ಕುಡಿತದ ವಿರುದ್ಧ ಹೆಂಗಸರು 1874ರಲ್ಲಿ ದೊಡ್ಡ ಸಂಘ ಕಟ್ಟಿದರು. ಹುಚ್ಚು ಹಿಡಿದವರನ್ನು ಜೈಲಿನಲ್ಲಿ ಕೂಡಿಹಾಕುವುದನ್ನು ತಪ್ಪಿಸಲು ಡೊರೊಥಿಯಾ ಡಿಕ್ಸ್ ಎಂಬಾಕೆ 1843ರಲ್ಲಿ ಶಾಸನಸಭೆಗೆ ಮನವಿ ಕೊಟ್ಟಳು. ಇವರೆಲ್ಲರ ಹತ್ಯಾರುಗಳು ಸಭೆ, ಪತ್ರಿಕೆ, ಅರ್ಜಿ ಮತ್ತು ಚಿಲ್ಲರೆ ವಂತಿಗೆ.

ಇದು ನಮ್ಮ ಸೀಮೆಗೆ ಹೇಗೆ ಬಂತು? ಮೂರು ದಾರಿಯಿಂದ ಬಂತು: ಒಂದು ಅರಳೆ, ಒಂದು ಪುಸ್ತಕ, ಒಂದು ಪತ್ರ.

ಮೊದಲು ಅರಳೆ. ಇಚಲಕರಂಜಿಯ ಮಗ್ಗದ ಸಪ್ಪಳದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಅರಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೇರಿಕೆಯ ದಕ್ಷಿಣ ಪ್ರಾಂತಗಳಿಂದ ಹೋಗುತ್ತಿತ್ತು; ಅದನ್ನು ಬಿಡಿಸಿದ್ದು ಗುಲಾಮರ ಬೆರಳು. 1861ರಲ್ಲಿ ಗುಲಾಮಗಿರಿಯ ಜಗಳ ಯುದ್ಧಕ್ಕೆ ತಿರುಗಿ, 1865ರವರೆಗೆ ಅಲ್ಲಿಯ ಅರಳೆ ನಿಂತಿತು. ಮುಂಬಯಿಯ ಪೇಟೆಯಲ್ಲಿ ಧಾರಣೆ ಗಗನಕ್ಕೇರಿತು. ಧಾರವಾಡ, ಗದಗ ಸೀಮೆಯ ಕರಿಮಣ್ಣಿನ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಸೀಮೆಯಲ್ಲಿ ಆಗ ಬಿತ್ತುತ್ತಿದ್ದ ಒಂದು ತಳಿಗೆ 'ಧಾರವಾಡ ಅಮೇರಿಕನ್' ಎಂದೇ ಹೆಸರು. ಯುದ್ಧ ಮುಗಿದ ಮೇಲೆ ಧಾರಣೆ ಕುಸಿದು ಎಷ್ಟೋ ಜನ ಮುಳುಗಿದರು. ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರ ಅವರು ಮೊದಲ ವಿದ್ಯುತ್ ಮಗ್ಗ ಹಾಕಿದ್ದು 1904ರಲ್ಲಿ. ಅದು ಬಹಳ ಮುಂದಿನ ಮಾತು. ಆದರೆ ಒಂದು ನೂಲಿನ ಎಳೆ ಎಲ್ಲೆಲ್ಲಿಯ ದುಃಖವನ್ನು ಸುತ್ತಿಕೊಂಡು ಬರುತ್ತದೆ ಎಂಬುದನ್ನು ನೇಕಾರರ ಊರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯದು ಪುಸ್ತಕ. 1873ರಲ್ಲಿ ಜೋತಿಬಾ ಫುಲೆಯವರು ಮರಾಠಿಯಲ್ಲಿ 'ಗುಲಾಮಗಿರಿ' ಎಂಬ ಪುಸ್ತಕ ಬರೆದರು. ಈ ಶಬ್ದ ನಮ್ಮ ಕನ್ನಡಕ್ಕೂ ಪರಕೀಯವಲ್ಲ. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ಯಾವ ರಾಜನಿಗೂ ಅಲ್ಲ. ಗುಲಾಮರ ಬಿಡುಗಡೆಗಾಗಿ ನಿಸ್ವಾರ್ಥದಿಂದ ದುಡಿದ ಅಮೇರಿಕೆಯ ಸಜ್ಜನರಿಗೆ. ತಮ್ಮ ನಾಡಿನ ಜನರೂ ಆ ಮೇಲ್ಪಂಕ್ತಿಯನ್ನು ಹಿಡಿದು ಶೂದ್ರರನ್ನು ಬಿಡಿಸಲಿ ಎಂಬುದು ಅವರ ಆಸೆ. ಅದೇ ವರ್ಷ ಸೆಪ್ಟೆಂಬರ್ 24ರಂದು ಅವರು ಸತ್ಯಶೋಧಕ ಸಮಾಜ ಸ್ಥಾಪಿಸಿದರು. 1911ರಲ್ಲಿ ಅದರ ಶಾಖೆ ಕೊಲ್ಹಾಪುರದಲ್ಲಿ ಆರಂಭವಾಯಿತು. ಬೆನ್ನ ಹಿಂದೆ ರಾಜರ್ಷಿ ಶಾಹೂ ಮಹಾರಾಜರಿದ್ದರು. ಹನ್ನೆರಡನೆಯ ಶತಮಾನದ ಶರಣರ ನೆನಪುಳ್ಳ ನಮಗೆ ಸಮಾನತೆಯ ಮಾತು ಹೊಸತಲ್ಲ. ಆದರೆ ಹಳೆಯ ಮಾತನ್ನು ಆಗಾಗ ಹೊಸ ನಾಣ್ಯವಾಗಿ ಟಂಕಿಸದಿದ್ದರೆ ಅದು ಪೇಟೆಯಲ್ಲಿ ನಡೆಯುವುದಿಲ್ಲ.

ಮೂರನೆಯದು ಪತ್ರ. ಇದು ಕೊಲ್ಹಾಪುರದ್ದೇ ಕಥೆ. ಅಮೇರಿಕೆಯ ಪಾದ್ರಿ ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಹಾಪುರಕ್ಕೆ ಬಂದು, ಅನೇಕ ವರ್ಷ ಇದ್ದು, ಸ್ವದೇಶಕ್ಕೆ ಮರಳಿ ಒಂದು ಪತ್ರಿಕೆ ನಡೆಸುತ್ತಿದ್ದ. 1878ರಲ್ಲಿ ಕೊಲ್ಹಾಪುರದಲ್ಲಿದ್ದ ಅಂಚೆ ಇಲಾಖೆಯ ಕಾರಕೂನ ಗೋಪಾಳರಾವ ಜೋಶಿ, ತನ್ನ ಎಳೆಯ ಹೆಂಡತಿ ಆನಂದಿಬಾಯಿಯನ್ನು ಅಮೇರಿಕೆಯಲ್ಲಿ ಓದಿಸಲು ನೆರವು ಬೇಕೆಂದು ಪಾದ್ರಿಗಳಿಗೆ ಪತ್ರ ಬರೆದ. ಪತ್ರ ವೈಲ್ಡರನ ಪತ್ರಿಕೆಯಲ್ಲಿ ಅಚ್ಚಾಯಿತು. ಜೊತೆಗೆ ಬಂದ ಉತ್ತರ ಮಾತ್ರ ಉತ್ಸಾಹ ಕೊಡುವಂಥದಾಗಿರಲಿಲ್ಲ. ಕ್ರೈಸ್ತರಾಗುವ ಮಾತಿಗೇ ಅದು ಒತ್ತು ಕೊಟ್ಟಿತ್ತು.

ಪತ್ರ ಅಲ್ಲಿಗೇ ಸತ್ತು ಹೋಗಬೇಕಾಗಿತ್ತು. ಆದರೆ 1880ರಲ್ಲಿ ನ್ಯೂಜರ್ಸಿಯ ರೋಸೆಲ್ ಊರಿನ ಥಿಯೊಡಿಷಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರಲ್ಲಿ ತನ್ನ ಸರದಿ ಕಾಯುತ್ತ ಕುಳಿತಾಗ ಆ ಹಳೆಯ ಸಂಚಿಕೆ ಕೈಗೆ ಸಿಕ್ಕಿತು. ಓದಿ ಕರಗಿದ ಆಕೆ ಆನಂದಿಬಾಯಿಗೆ ಬರೆದಳು. ಪತ್ರಗಳು ಹೋದವು, ಬಂದವು. ಆನಂದಿಬಾಯಿ ಆಕೆಯನ್ನು ಮಾವಶಿ ಎಂದು ಕರೆದರು. ಒಂಬತ್ತನೆಯ ವಯಸ್ಸಿಗೆ ಮದುವೆಯಾಗಿ, ಹದಿನಾಲ್ಕಕ್ಕೆ ಹಡೆದ ಕೂಸನ್ನು ಹತ್ತು ದಿನಗಳಲ್ಲಿ ಕಳೆದುಕೊಂಡವರು ಅವರು. ಹೆಣ್ಣುಮಕ್ಕಳಿಗೆ ಹೆಣ್ಣು ಡಾಕ್ಟರು ಬೇಕು ಎಂಬುದು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ.

1883ರಲ್ಲಿ ಅವರು ಒಬ್ಬರೇ, ಗಂಡನ ಜೊತೆಯಿಲ್ಲದೆ, ಹಡಗು ಹತ್ತಿದರು. ಓದಿದ್ದು ಫಿಲಾಡೆಲ್ಫಿಯಾದ ಸ್ತ್ರೀಯರ ವೈದ್ಯಕೀಯ ಕಾಲೇಜಿನಲ್ಲಿ. ಆ ಕಾಲೇಜು ಹುಟ್ಟಿದ್ದು 1850ರಲ್ಲಿ, ಸೆನೆಕಾ ಫಾಲ್ಸ್ ಸಭೆಯಾಗಿ ಎರಡೇ ವರ್ಷಕ್ಕೆ. ಅದೇ ಸುಧಾರಣೆಯ ಗಾಳಿಯಲ್ಲಿ ಬೆಳೆದ ಗಿಡ. 1886ರ ಮಾರ್ಚ್ 11ರಂದು ಆನಂದಿಬಾಯಿ ಡಾಕ್ಟರರಾದರು. ಕೊಲ್ಹಾಪುರ ಸಂಸ್ಥಾನವು ಅವರನ್ನು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗಕ್ಕೆ ನೇಮಿಸಿತು. ಇಂದು ನಾವು ಸಿ.ಪಿ.ಆರ್. ಎಂದು ಕರೆಯುವ ಆಸ್ಪತ್ರೆಯೇ ಅದು. ಆದರೆ ಆ ಕೆಲಸಕ್ಕೆ ಹಾಜರಾಗುವ ಭಾಗ್ಯ ಅವರಿಗೆ ಇರಲಿಲ್ಲ. ಕ್ಷಯದಿಂದ ಸೊರಗಿ ಮರಳಿದ ಅವರು 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ ಕೂಡ ತುಂಬಿರಲಿಲ್ಲ. ಅವರ ಅಸ್ಥಿಯನ್ನು ಕಾರ್ಪೆಂಟರ್ ಮಾವಶಿಗೆ ಕಳಿಸಲಾಯಿತು. ನ್ಯೂಯಾರ್ಕ್ ಪ್ರಾಂತದ ಪುಕೀಪ್ಸಿ ಊರಿನ ಸ್ಮಶಾನದಲ್ಲಿ ಇಂದಿಗೂ ಅವರ ಹೆಸರಿನ ಕಲ್ಲಿದೆ. ಮುಂದೆ ಅದೇ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಾ. ಕೃಷ್ಣಾಬಾಯಿ ಕೇಳವಕರ ಸೇವೆ ಸಲ್ಲಿಸಿದರು. ಕುರ್ಚಿ ಖಾಲಿ ಉಳಿಯಲಿಲ್ಲ.

ಆನಂದಿಬಾಯಿಯ ಪದವಿ ಸಮಾರಂಭಕ್ಕೆ ಪಂಡಿತಾ ರಮಾಬಾಯಿ ಹೋಗಿದ್ದರು. ಈ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಕನ್ನಡ ನಾಡಿನ ಘಟ್ಟದ ಗಂಗಾಮೂಲದಲ್ಲಿ. ಸಮಾರಂಭಕ್ಕೆಂದು ಹೋದವರು ಅಮೇರಿಕೆಯಲ್ಲಿ ಊರೂರು ತಿರುಗಿ, ನಮ್ಮ ವಿಧವೆಯರ ಸ್ಥಿತಿಯನ್ನು ಹೇಳಿದರು. 1887ರಲ್ಲಿ ಬಾಸ್ಟನ್ನಿನಲ್ಲಿ ಅವರ ನೆರವಿಗೆ ಒಂದು ಸಂಘವೇ ಹುಟ್ಟಿತು. ಅದರ ಶಾಖೆಗಳ ಸದಸ್ಯರು ಹತ್ತು ವರ್ಷ, ವರ್ಷಕ್ಕೆ ಕನಿಷ್ಠ ಒಂದು ಡಾಲರ್ ಕೊಡುವ ಮಾತು ಕೊಟ್ಟರು. ನಮ್ಮ ಪಿಗ್ಮಿ ಠೇವಣಿ ಇದ್ದ ಹಾಗೆ! ಆ ಚಿಲ್ಲರೆ ಹಣದಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎದ್ದು ನಿಂತಿತು.

ಓದುಗರೆ, ಇಲ್ಲಿಯವರೆಗೆ ಜಮೆಯ ಕಡೆ ನೋಡಿದೆವು. ಇನ್ನು ಬಾಕಿಯ ಕಡೆ ನೋಡೋಣ. ಅಮೇರಿಕೆಯವರು 1865ರಲ್ಲಿ ಸಂವಿಧಾನ ತಿದ್ದಿ ಗುಲಾಮಗಿರಿಯನ್ನು ತೆಗೆದರು. 1868ರಲ್ಲಿ ಬಿಡುಗಡೆಯಾದವರಿಗೆ ನಾಗರಿಕತ್ವ, 1870ರಲ್ಲಿ ಗಂಡಸರಿಗೆ ಮತದ ಹಕ್ಕು ಬಂತು. ಹೆಂಗಸರನ್ನು ಮಾತ್ರ ಹೊರಗೇ ನಿಲ್ಲಿಸಿದರು. ಅವರು 1920ರವರೆಗೆ ಕಾಯಬೇಕಾಯಿತು. ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆ ಭೂಮಿ ಎಂಬ ಮಾತು 1865ರ ಆರಂಭದಲ್ಲಿ ಹೊರಟು, ಆ ವರ್ಷವೇ ಮುರಿದುಬಿತ್ತು. ಭೂಮಿಯಿಲ್ಲದವರು ಹಳೆಯ ಒಡೆಯನ ಹೊಲದಲ್ಲೇ ಪಾಲಿಗೆ ದುಡಿದು, ಅಂಗಡಿಯ ಉದರಿಯಲ್ಲಿ ಸಿಕ್ಕಿಕೊಂಡರು. ಸಾವುಕಾರನ ಲೆಕ್ಕ ಎಂದೂ ತೀರದು ಎಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕೆ?

ಇನ್ನೊಂದು ಸಂಗತಿ ಬ್ಯಾಂಕಿನವನಾದ ನನ್ನ ಮನಸ್ಸಿಗೆ ಬಹಳ ನಾಟಿದ್ದು. ಬಿಡುಗಡೆಯಾದ ಗುಲಾಮರ ಉಳಿತಾಯಕ್ಕಾಗಿಯೇ 1865ರಲ್ಲಿ ಒಂದು ಬ್ಯಾಂಕು ಸ್ಥಾಪನೆಯಾಯಿತು. ಅದರ ಹೆಸರು ಫ್ರೀಡ್‌ಮನ್ಸ್ ಬ್ಯಾಂಕ್. ಬಟ್ಟೆ ಒಗೆಯುವವರು, ಕೂಲಿಗಳು, ಸಿಪಾಯಿಗಳು ತಮ್ಮ ಗಂಟನ್ನು ನಂಬಿಕೆಯಿಂದ ಅಲ್ಲಿ ಇಟ್ಟರು. ಕೆಲ ವರ್ಷಗಳಲ್ಲಿ ಮೇಲಿನವರು ಆ ಹಣವನ್ನು ಜಮೀನಿನ ಹಾಗೂ ರೈಲ್ವೆಯ ಸಟ್ಟಾ ವ್ಯವಹಾರಗಳಿಗೆ ಸಾಲ ಕೊಟ್ಟರು. ಮುಳುಗುವ ಹೊತ್ತಿಗೆ ಡಗ್ಲಸನನ್ನು ಅಧ್ಯಕ್ಷನನ್ನಾಗಿ ಕೂರಿಸಿದರು. ಆತ ತನ್ನ ಕೈಯಿಂದ ಹತ್ತು ಸಾವಿರ ಡಾಲರ್ ಹಾಕಿದ. ಆದರೂ ಬ್ಯಾಂಕು ಉಳಿಯಲಿಲ್ಲ. 1874ರ ಬೇಸಿಗೆಯಲ್ಲಿ ಬಾಗಿಲು ಮುಚ್ಚಿದಾಗ 60 ಸಾವಿರಕ್ಕೂ ಹೆಚ್ಚು ಠೇವಣಿದಾರರ ಹಣ ಸಿಕ್ಕಿಬಿತ್ತು. ಸರಪಳಿ ಕಳಚಿದವರ ಮೊದಲ ಉಳಿತಾಯ ಹೀಗೆ ಹೋಯಿತು. ಪಾಸ್‌ಬುಕ್ಕಿನಲ್ಲಿ ಅಂಕಿ ಇತ್ತು, ತಿಜೋರಿಯಲ್ಲಿ ಶಿಲ್ಕು ಇರಲಿಲ್ಲ.

1877ರ ನಂತರ ಮತದ ಹಕ್ಕಿಗೂ ಅದೇ ಗತಿಯಾಯಿತು. ಕಾಗದದ ಮೇಲೆ ಇದ್ದದ್ದನ್ನು ದಕ್ಷಿಣ ಪ್ರಾಂತಗಳು ನೂರು ನೆಪ ಹೇಳಿ ಕಸಿದುಕೊಂಡವು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತನಾಡುತ್ತ, ತಮ್ಮ ಜನಕ್ಕೆ ದೇಶ ಕೊಟ್ಟ ಚೆಕ್ಕು ಹಣವಿಲ್ಲವೆಂದು ಹಿಂದಿರುಗಿ ಬಂದಿದೆ ಎಂಬ ಅರ್ಥದ ಮಾತು ಹೇಳಿದರು. ಕೌಂಟರಿನ ಹಿಂದೆ ಕುಳಿತವರಿಗೆ ಈ ಮಾತಿನ ಭಾರ ಬೇಗ ತಿಳಿಯುತ್ತದೆ. ಹಿಂದಿರುಗಿದ ಚೆಕ್ಕನ್ನು ಕೈಯಲ್ಲಿ ಹಿಡಿದು ನಿಂತ ಬಡವನ ಮುಖವನ್ನು ಅವರು ನೋಡಿರುತ್ತಾರೆ.

ಆ ಬ್ಯಾಂಕು ಮುಳುಗಿದ 1874ರಲ್ಲೇ, ಜೂನ್ 26ರಂದು, ಶಾಹೂ ಮಹಾರಾಜರು ಹುಟ್ಟಿದರು. 1894ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಒಂದೇ ಜಾತಿಯವರ ಕೈಯಲ್ಲಿದ್ದವು. 1902ರ ಜುಲೈ 26ರ ಆಜ್ಞೆಯಿಂದ ಅವರು ಖಾಲಿಯಾಗುವ ಜಾಗಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಇದು ಕಾಗದ. ಆದರೆ ಕಾಗದದ ಹಿಂದೆ ಶಿಲ್ಕು ಇರಬೇಕೆಂದು ಅವರಿಗೆ ತಿಳಿದಿತ್ತು. ಓದದವನಿಗೆ ಹುದ್ದೆ ಮೀಸಲಿಟ್ಟು ಏನು ಫಲ? ಹಳ್ಳಿಯ ಹುಡುಗ ಕೊಲ್ಹಾಪುರಕ್ಕೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಆದ್ದರಿಂದ ಆಜ್ಞೆಗಿಂತ ಮೊದಲೇ, 1901ರಿಂದ, ವಸತಿಗೃಹಗಳು ಎದ್ದವು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, 1908ರಲ್ಲಿ ಅಸ್ಪೃಶ್ಯರಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ. ಬೋರ್ಡಿಂಗುಗಳ ಊರು ಎಂದು ಕೊಲ್ಹಾಪುರಕ್ಕೆ ಹೆಸರಾದದ್ದು ಹೀಗೆ. ಗಡಿಭಾಗದ ಎಷ್ಟೋ ಕನ್ನಡ ಮನೆಗಳ ಹುಡುಗರು ಅಲ್ಲಿ ಉಂಡು ಓದಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಯಿತು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಅರಮನೆಯ ಲಾಯದಲ್ಲಿ ದುಡಿಯುತ್ತಿದ್ದ ಗಂಗಾರಾಮ ಕಾಂಬಳೆ ಎಂಬವರನ್ನು ನೀರಿನ ಹೌದು ಮುಟ್ಟಿದರೆಂದು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿ, ಗಂಗಾರಾಮರಿಗೆ ಚಹದ ಅಂಗಡಿ ಹಾಕಲು ನೆರವಾದರು. ಅಂಗಡಿ ತೆರೆಯಿತು, ಮೇಲ್ಜಾತಿಯ ಗಿರಾಕಿ ಬರಲಿಲ್ಲ. ಆಗ ಮಹಾರಾಜರು ತಮ್ಮ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಚಹ ತರಿಸಿ ಕುಡಿಯತೊಡಗಿದರು; ಜೊತೆಗಿದ್ದವರಿಗೂ ಕುಡಿಸಿದರು. ಆಜ್ಞೆ ಹೊರಡಿಸಿದ ರಾಜರು ಬಹಳ. ಆಜ್ಞೆಯನ್ನು ಕಪ್ಪಿನಲ್ಲಿ ಹಾಕಿ ತಾವೇ ಮೊದಲು ಕುಡಿದವರು ಅಪರೂಪ. ಅಮೇರಿಕೆಯ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಫಳಾರದ ಕಟ್ಟೆಯಲ್ಲಿ ಕುಳಿತು ತಮಗೂ ಕೊಡಿರೆಂದು ಕೇಳಿದ್ದು 1960ರಲ್ಲಿ. ಒಂದು ಕಪ್ಪು ಪೇಯಕ್ಕಾಗಿ ಮನುಷ್ಯ ಎಷ್ಟು ದೂರ ನಡೆಯಬೇಕಾಗುತ್ತದೆ, ನೋಡಿ!

1920ರ ಮಾರ್ಚ್ 21 ಮತ್ತು 22ರಂದು ಇಚಲಕರಂಜಿಗೆ ಹತ್ತಿರದ ಮಾಣಗಾಂವದಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತು. ಅಧ್ಯಕ್ಷರು ಇಪ್ಪತ್ತೆಂಟು ವರ್ಷದ ಡಾ. ಅಂಬೇಡ್ಕರ್. 1913ರಿಂದ 1916ರವರೆಗೆ ಅವರು ಓದಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಶಾಹೂ ಮಹಾರಾಜರು ಸ್ವತಃ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಜನರಿಗೆ ಸಾರಿದರು. ಫುಲೆಯವರು ಅಮೇರಿಕೆಯವರಿಗೆ ಪುಸ್ತಕ ಅರ್ಪಿಸಿ ಆಗ 47 ವರ್ಷಗಳಾಗಿದ್ದವು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಎದ್ದರೆ ಲೆಕ್ಕ ತಾಳೆಯಾಗದು. ಗಡಹಿಂಗ್ಲಜ ಕಡೆಯ ಓದುಗರು ಒಂದು ಮಾತನ್ನು ನೆನೆಯಿರಿ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಶಾಹೂ ಮಹಾರಾಜರು 1920ರಲ್ಲಿ ಕಾಯದೆ ಮಾಡಿ ನಿಷೇಧಿಸಿದರು. ಮುಂಬಯಿ ಪ್ರಾಂತ 1934ರಲ್ಲಿ ಕಾಯದೆ ಮಾಡಿತು. ಕರ್ನಾಟಕ 1982ರಲ್ಲಿ ಮಾಡಿತು. ಮಹಾರಾಷ್ಟ್ರ 2005ರಲ್ಲಿ ಮತ್ತೆ ಮಾಡಿತು. ಒಂದೇ ಪದ್ಧತಿಗೆ ನಾಲ್ಕು ಸಲ ಕಾಯದೆ ಏಕೆ ಬೇಕಾಯಿತು? ಮನೆಯ ಬಡತನ, ಜಡೆಗಟ್ಟಿದ ಕೂದಲಿನ ಭಯ, ನೆರೆಹೊರೆಯವರ ಮೌನ, ಇವು ಮೂರೂ ಸೇರಿ ಪ್ರತಿ ಸಲವೂ ಚೆಕ್ಕನ್ನು ಹಿಂದಿರುಗಿಸಿದವು. ಕಾಯದೆ ಸರಕಾರದ್ದು. ಶಿಲ್ಕು ತುಂಬಬೇಕಾದವರು ನಾವು.

ತುಂಬಿದರೆ ಏನಾಗುತ್ತದೆ ಎಂಬುದನ್ನೂ ನಾನು ನೌಕರಿಯಲ್ಲಿ ಕಂಡಿದ್ದೇನೆ. ಕೌಂಟರಿಗೆ ಬರುತ್ತಿದ್ದ ಅಜ್ಜಿ ಹೆಬ್ಬೆರಳು ಒತ್ತುತ್ತಿದ್ದಳು. ಮಗಳು ನಾಲಿಗೆ ಕಚ್ಚಿಕೊಂಡು, ಅಕ್ಷರ ಒಂದೊಂದೇ ಕೂಡಿಸಿ ಸಹಿ ಮಾಡುತ್ತಿದ್ದಳು. ಮೊಮ್ಮಗಳು ಬಂದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿ ಯಾವುದರಲ್ಲಿ ಚಲನ್ ತುಂಬಲಿ ಎಂದು ನನ್ನನ್ನೇ ಕೇಳಿದಳು. ಹೆಬ್ಬೆರಳಿನಿಂದ ಲೇಖನಿಗೆ ಬರಲು ಒಂದು ಮನೆಗೆ ಮೂರು ತಲೆಮಾರು ಬೇಕಾದವು. ಶಾಲೆ ಬಿಡಿಸಿ ಮದುವೆ ಮಾಡಿದರೆ ಒಂದೇ ಮುಹೂರ್ತದಲ್ಲಿ ಅದು ಮತ್ತೆ ಹೆಬ್ಬೆರಳಿಗೆ ಹೋಗುತ್ತದೆ.

ಆದ್ದರಿಂದ ಓದುಗರೆ, ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ನಿಮ್ಮ ಓಣಿಯಲ್ಲಿ ಶಾಲೆ ಬಿಡುವ ಹಂತದಲ್ಲಿರುವ ಹುಡುಗಿ ಯಾರು ಎಂದು ವಿಚಾರಿಸಿರಿ. ಅವಳ ಒಂದು ವರ್ಷದ ಫೀಯನ್ನೋ, ಬಸ್ ಪಾಸನ್ನೋ ನಾಲ್ಕು ಮನೆ ಕೂಡಿ ಕಟ್ಟಿರಿ. ಹಬ್ಬದ ಪಂಕ್ತಿಯಲ್ಲಿ ಯಾರ ಎಲೆ ದೂರ ಬೀಳುತ್ತಿದೆ ನೋಡಿ, ಹತ್ತಿರ ಎಳೆಯಿರಿ. ಬಾಸ್ಟನ್ನಿನ ಹೆಂಗಸರು ಕಾಣದ ನಾಡಿನ ವಿಧವೆಯರಿಗೆ ವರ್ಷಕ್ಕೊಂದು ಡಾಲರ್ ತೆಗೆದಿಟ್ಟರು. ನಮಗೆ ಸಮುದ್ರ ದಾಟುವ ಕಷ್ಟವೂ ಇಲ್ಲ. ಓಣಿ ದಾಟಿದರೆ ಸಾಕು.